ನಾಳೆಯ ಸುದ್ದಿಯನ್ನು ಇವತ್ತೇ ಅಚ್ಚು ಹಾಕಿದಾಗ

1948ರ ನವೆಂಬರ್ 4. ಅಮೆರಿಕದ ಸೇಂಟ್ ಲೂಯಿಸ್ ರೈಲು ನಿಲ್ದಾಣ. ಅಧ್ಯಕ್ಷ ಹ್ಯಾರಿ ಟ್ರೂಮನ್ ರೈಲಿನ ಕೊನೆಯ ಬೋಗಿಯ ಹಿಂಬದಿಯಲ್ಲಿ ನಿಂತು, ದಿನಪತ್ರಿಕೆಯೊಂದನ್ನು ಎತ್ತಿ ಜನರಿಗೆ ತೋರಿಸುತ್ತಿದ್ದಾರೆ. ಮುಖದ ತುಂಬ ನಗು. ಪತ್ರಿಕೆಯ ನೆತ್ತಿಯ ಮೇಲೆ ಗೇಣುದ್ದದ ದಪ್ಪಕ್ಷರದಲ್ಲಿದ್ದ ಸುದ್ದಿ ಇಷ್ಟೇ: ‘ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ’. ಸೋತರೆಂದು ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಸಾರಿದ್ದ ಆ ಮನುಷ್ಯ 303 ಎಲೆಕ್ಟೋರಲ್ ಮತ ಪಡೆದು ಗೆದ್ದಿದ್ದರು. ಗೆದ್ದರೆನಿಸಿಕೊಂಡ ಥಾಮಸ್ ಡ್ಯೂಯಿ ಅವರಿಗೆ ಸಿಕ್ಕಿದ್ದು 189.

ಪತ್ರಿಕಾ ಇತಿಹಾಸದಲ್ಲಿ ಇಷ್ಟು ನಗೆ ಉಕ್ಕಿಸಿದ ತಲೆಬರಹ ಮತ್ತೊಂದು ಸಿಗಲಿಕ್ಕಿಲ್ಲ. ಆದರೆ ಅದರ ಹಿಂದಿದ್ದದ್ದು ಸೋಮಾರಿತನವಲ್ಲ, ಗಡಿಯಾರ. ಆಗ ಮೊಳೆ ಜೋಡಿಸುವವರು ಮುಷ್ಕರದಲ್ಲಿದ್ದರು. ಸುದ್ದಿಯನ್ನು ಟೈಪ್‌ರೈಟರಿನಲ್ಲಿ ಹೊಡೆದು, ಫೋಟೊ ತೆಗೆದು, ಬ್ಲಾಕ್ ಮಾಡಿಸಿ ಅಚ್ಚು ಹಾಕಬೇಕಿತ್ತು. ಹಾಗಾಗಿ ಮೊದಲ ಆವೃತ್ತಿಯ ಪುಟವನ್ನು ಎಂದಿಗಿಂತ ಗಂಟೆಗಟ್ಟಲೆ ಮುಂಚೆ ಕಟ್ಟಬೇಕಾಯಿತು. ಮತ ಎಣಿಕೆ ಇನ್ನೂ ನಡೆದಿತ್ತು, ಯಂತ್ರ ಕಾಯುವಂತಿರಲಿಲ್ಲ. ವಾಷಿಂಗ್ಟನ್‌ನಲ್ಲಿದ್ದ ಅನುಭವಿ ವರದಿಗಾರನ ಅಂದಾಜನ್ನು ನಂಬಿ ಡೆಸ್ಕಿನವರು ಡ್ಯೂಯಿಯನ್ನು ಗೆಲ್ಲಿಸಿಬಿಟ್ಟರು. ತಲೆಬರಹ ಬದಲಾಗುವ ಹೊತ್ತಿಗೆ ಸುಮಾರು ಒಂದೂವರೆ ಲಕ್ಷ ಪ್ರತಿ ಅಚ್ಚಾಗಿತ್ತು.

ಡಾಕ್ ಆವೃತ್ತಿ ಓದಿ ಬೆಳೆದ ನಮ್ಮ ಜಿಲ್ಲೆಗಳ ಓದುಗರಿಗೆ ಈ ಇಕ್ಕಟ್ಟು ಹೊಸದಲ್ಲ. ಬೆಂಗಳೂರಿನಿಂದ ರಾತ್ರಿ ಬೇಗ ಹೊರಟ ಪತ್ರಿಕೆಯಲ್ಲಿ ಹಗಲು–ರಾತ್ರಿ ಕ್ರಿಕೆಟ್ ಪಂದ್ಯ ಅರ್ಧಕ್ಕೇ ನಿಂತಿರುತ್ತಿತ್ತು. ಯಾರು ಗೆದ್ದರೆಂದು ತಿಳಿಯದೆ ನಾವು ಗೊಣಗಿದ್ದುಂಟು. ಆದರೆ ‘ಆಟ ಮುಂದುವರಿದಿತ್ತು’ ಎಂಬ ಆ ಒಂದು ಸಾಲು ಎಷ್ಟು ಪ್ರಾಮಾಣಿಕವಾಗಿತ್ತು ಎನ್ನುವುದು ಟ್ರಿಬ್ಯೂನ್‌ನ ಕತೆ ಓದಿದ ಮೇಲೆ ಅರ್ಥವಾಗುತ್ತದೆ.

ಆ ಒಂದೂವರೆ ಲಕ್ಷ ಪ್ರತಿಗಳು ಹೋದ ಮನೆಗಳಲ್ಲಿ ಬೆಳಿಗ್ಗೆ ಏನೇನಾಗಿರಬಹುದು? ಡ್ಯೂಯಿ ಮೇಲೆ ಪಂಥ ಕಟ್ಟಿದ್ದ ಒಬ್ಬ ಹಲ್ಲುಜ್ಜುವ ಮೊದಲೇ ಪಕ್ಕದ ಮನೆಯ ಬಾಗಿಲು ಬಡಿದು ದುಡ್ಡು ವಸೂಲಿ ಮಾಡುತ್ತಾನೆ. ಹತ್ತು ಗಂಟೆಗೆ ಅದೇ ದುಡ್ಡಿನಲ್ಲಿ ಹೊಸ ಹ್ಯಾಟು ಕೊಳ್ಳುತ್ತಾನೆ. ಮಧ್ಯಾಹ್ನ ರೇಡಿಯೊ ಕೇಳಿದ ಪಕ್ಕದ ಮನೆಯವನು ಬಂದು ಬಡ್ಡಿಯ ಸಮೇತ ಕೇಳಿದಾಗ, ಹ್ಯಾಟು ಅವನ ತಲೆಗೂ ಸರಿಹೊಂದುತ್ತದೆಯೇ ಎಂದು ನೋಡುವುದೊಂದೇ ಉಳಿದ ದಾರಿ!

ಹಳೆಯ ಪತ್ರಿಕೆಗಳ ಕಡತ ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪತ್ರಿಕೆಗಳು ನಿನ್ನೆಯ ಬಗ್ಗೆ ಬರೆಯುವಾಗ ಎಡವಿದ್ದಕ್ಕಿಂತ, ನಾಳೆಯ ಬಗ್ಗೆ ಬರೆಯುವಾಗ ಎಡವಿದ್ದು ಹೆಚ್ಚು ನಗು ತರಿಸುತ್ತದೆ.

1903ರ ಅಕ್ಟೋಬರ್ 9ರ ‘ನ್ಯೂಯಾರ್ಕ್ ಟೈಮ್ಸ್’ ನೋಡಿ. ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ವಿಮಾನ ಎರಡು ದಿನದ ಹಿಂದಷ್ಟೇ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. ‘ಹಾರದ ಹಾರುಯಂತ್ರಗಳು’ ಎಂಬ ತಲೆಬರಹದಡಿ ಪತ್ರಿಕೆ ಲೆಕ್ಕ ಹಾಕಿಯೇಬಿಟ್ಟಿತು: ನಿಜವಾಗಿ ಹಾರುವ ಯಂತ್ರ ಬರಲು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು! ಅಲ್ಲಿಂದ 69ನೇ ದಿನಕ್ಕೆ, ಡಿಸೆಂಬರ್ 17ರಂದು, ಸೈಕಲ್ ಅಂಗಡಿಯ ರೈಟ್ ಸಹೋದರರು ಕಿಟಿ ಹಾಕ್‌ನ ಮರಳ ದಿಬ್ಬದ ಬಳಿ ಹಾರಿದರು. ಮೊದಲ ಹಾರಾಟ 12 ಸೆಕೆಂಡು, ಆ ದಿನದ ಅತಿ ಉದ್ದದ ಹಾರಾಟ 59 ಸೆಕೆಂಡು, 852 ಅಡಿ. ಮರುದಿನ ನಾರ್ಫೋಕ್‌ನ ‘ವರ್ಜಿನಿಯನ್ ಪೈಲಟ್’ ಅದನ್ನು ಎಳೆದು ಮೂರು ಮೈಲಿ ಮಾಡಿತು. ಒಬ್ಬರದು ಕೋಟಿ ವರ್ಷದ ಅನುಮಾನ, ಇನ್ನೊಬ್ಬರದು ಮೂರು ಮೈಲಿಯ ಉತ್ಸಾಹ. ಇವೆರಡರ ನಡುವೆ ಆ 852 ಅಡಿಯ ಸತ್ಯ ಮೆಲ್ಲಗೆ ಹಾರಿಹೋಗಿತ್ತು.

ರೈಟ್ ಸಹೋದರರು ಅಕ್ಟೋಬರಿನ ಪತ್ರಿಕೆ ಓದಿ, ‘ಹೌದಲ್ಲ, ಕೋಟಿ ವರ್ಷ ಯಾರು ಕಾಯುತ್ತಾರೆ’ ಎಂದು ಗಂಟುಮೂಟೆ ಕಟ್ಟಿ ಊರಿಗೆ ಹೋಗಿ ಪಂಕ್ಚರ್ ಹಾಕುತ್ತ ಕೂತಿದ್ದರೆ? 1940ರಲ್ಲಿ ಬೆಂಗಳೂರಿಗೆ ಎಚ್‌ಎಎಲ್ ಬರುತ್ತಿರಲಿಲ್ಲ. ದೇವನಹಳ್ಳಿಯಲ್ಲಿ ರನ್‌ವೇ ಇರುವ ಜಾಗದಲ್ಲೂ ಚಕ್ಕೋತದ ಗಿಡಗಳೇ ಇರುತ್ತಿದ್ದವೇನೋ. ದುಬೈನಲ್ಲಿ ದುಡಿಯುವ ಮಂಗಳೂರಿನ ಮಾವ ಸೋದರಳಿಯನ ಮದುವೆಗೆಂದು ಹಡಗು ಹತ್ತಿ, ಇಳಿಯುವ ಹೊತ್ತಿಗೆ ಊಟದ ಎಲೆ ಎತ್ತಿ, ಚಪ್ಪರವನ್ನೂ ಬಿಚ್ಚಿ ಮುಗಿದಿರುತ್ತಿತ್ತು!

ಅದೇ ಟೈಮ್ಸ್ 1920ರ ಜನವರಿ 13ರಂದು ರಾಬರ್ಟ್ ಗೊಡ್ಡಾರ್ಡ್ ಎಂಬ ಪ್ರೊಫೆಸರರನ್ನು ತರಾಟೆಗೆ ತೆಗೆದುಕೊಂಡಿತು. ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒದ್ದು ಮುಂದೆ ಹೋದೀತು, ಹೈಸ್ಕೂಲ್ ಹುಡುಗರಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲವೇ ಎಂಬ ಧಾಟಿಯ ಬರಹ ಅದು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಒದೆಯಲು ಗಾಳಿ ಬೇಕಿಲ್ಲ. ಹಿಂದಕ್ಕೆ ಚಿಮ್ಮುವ ಅನಿಲವೇ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಗೊಡ್ಡಾರ್ಡ್ ಎದೆಗುಂದಲಿಲ್ಲ. 1926ರ ಮಾರ್ಚ್ 16ರಂದು ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದರು. ಪತ್ರಿಕೆ ತಪ್ಪೊಪ್ಪಿಕೊಂಡಿದ್ದು 1969ರ ಜುಲೈ 17ರಂದು, ಅಪೊಲೊ–11 ಚಂದ್ರನ ದಾರಿಯಲ್ಲಿದ್ದಾಗ. ಅದನ್ನು ಓದಲು ಗೊಡ್ಡಾರ್ಡ್ ಇರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ಆ ತಿದ್ದುಪಡಿ ಬಂದು ತಿಂಗಳು ತುಂಬುವುದರೊಳಗೆ, ಆಗಸ್ಟ್ 15ರಂದು, ನಮ್ಮ ಇಸ್ರೊ ಹುಟ್ಟಿತು. ರಾಕೆಟ್ ಹಾರದೆಂದು ಜಗತ್ತೆಲ್ಲ ನಂಬಿ ಕೂತಿದ್ದರೆ ಚಂದ್ರಯಾನ ಇವತ್ತಿಗೂ ಅಜ್ಜಿಯ ಕತೆಯಲ್ಲೇ ನಡೆಯುತ್ತಿತ್ತು.

‘ಆಗದು’ ಎಂದು ಬರೆದು ಎಡವಿದಂತೆ, ‘ಆಗಿಯೇ ತೀರುತ್ತದೆ’ ಎಂದು ಹೆದರಿಸಿ ಎಡವಿದ್ದೂ ಉಂಟು. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ವಿಷಾನಿಲ ಪತ್ತೆಯಾಯಿತು. ಮೇ ತಿಂಗಳಲ್ಲಿ ಭೂಮಿ ಆ ಬಾಲದೊಳಗೆ ಹಾದುಹೋಗಲಿದೆ, ಜೀವಸಂಕುಲ ಉಳಿಯುವುದೇ ಎಂದು ಪತ್ರಿಕೆಗಳಲ್ಲಿ ಚರ್ಚೆ. ಬಾಲದ ಅನಿಲ ತೀರಾ ವಿರಳ, ಅಪಾಯವಿಲ್ಲ ಎಂದ ಖಗೋಳ ವಿಜ್ಞಾನಿಗಳ ಮಾತು ಸಣ್ಣಕ್ಷರದಲ್ಲಿ ಉಳಿಯಿತು. ಅಮೆರಿಕದಲ್ಲಿ ಧೂಮಕೇತು ನಿರೋಧಕ ಗುಳಿಗೆಗಳು ಮಾರಾಟವಾದವು. ಅಂಥ ಗುಳಿಗೆ ಮಾರುವವನು ‘ಗುಣ ಕಾಣದಿದ್ದರೆ ಹಣ ವಾಪಸ್’ ಎಂದು ಧೈರ್ಯವಾಗಿ ಬೋರ್ಡು ಹಾಕಬಹುದಿತ್ತು. ಗುಣ ಕಾಣದಿದ್ದರೆ ಕೇಳಲು ಬರುವವರು ಯಾರು?

ನಮ್ಮ ದೇಶದ ಸರದಿ 1962ರ ಫೆಬ್ರುವರಿ ಮೊದಲ ವಾರ. ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟ. ಪ್ರಳಯದ ಭೀತಿಯ ಸುದ್ದಿಗಳು ಹಬ್ಬಿದವು, ಊರೂರಲ್ಲಿ ಹೋಮ–ಹವನ, ಭಜನೆ ನಡೆದವು. ಅದೇ ತಿಂಗಳ ಕೊನೆಯಲ್ಲಿ ಮೂರನೇ ಲೋಕಸಭೆಗೆ ಮತದಾನ. ಒಂದು ಹಳ್ಳಿಯ ಅರಳಿಕಟ್ಟೆಯನ್ನು ಕಲ್ಪಿಸಿಕೊಳ್ಳೋಣ. ‘ಗೆದ್ದರೆ ನಿಮ್ಮೂರಿಗೆ ರಸ್ತೆ ಮಾಡಿಸ್ತೀನಿ ಗೌಡ್ರೇ’ ಎನ್ನುತ್ತಾರೆ ಅಭ್ಯರ್ಥಿ. ‘ಮೊದ್ಲು ಐದನೇ ತಾರೀಕು ದಾಟ್ಸಿ ಸ್ವಾಮಿ, ರಸ್ತೆ ಆಮೇಲ್ ನೋಡಾಣ’ ಎನ್ನುತ್ತಾರೆ ಗೌಡರು. ಐದನೇ ತಾರೀಕು ದಾಟಿತು. ಗ್ರಹಗಳು ತಮ್ಮ ಪಾಡಿಗೆ ಚದುರಿದವು. ಪ್ರಳಯವಾಗುತ್ತದೆಂದು ಸಾಲ ತೀರಿಸದೆ ಕೂತವರೇನಾದರೂ ಇದ್ದಿದ್ದರೆ, ಅವರಿಗೆ ಮಾತ್ರ ಆರನೇ ತಾರೀಕೇ ಪ್ರಳಯ.

ಹದಿನೇಳು ವರ್ಷದ ಮೇಲೆ ಸ್ಕೈಲ್ಯಾಬ್ ಬಂತು. 1979ರ ಜುಲೈನಲ್ಲಿ ಅಮೆರಿಕದ ಆ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳುವುದು ಖಚಿತವಾಗಿತ್ತು, ಎಲ್ಲಿ ಎನ್ನುವುದೊಂದು ಬಿಟ್ಟು. ನಮ್ಮ ಜನ ತಲೆ ಎತ್ತಿ ಆಕಾಶ ನೋಡಿದ್ದೇ ನೋಡಿದ್ದು. ಕೊನೆಗೆ ಅದರ ಚೂರುಗಳು ಬಿದ್ದಿದ್ದು ಹಿಂದೂ ಮಹಾಸಾಗರಕ್ಕೆ ಮತ್ತು ಪಶ್ಚಿಮ ಆಸ್ಟ್ರೇಲಿಯಾಕ್ಕೆ. ಮೊದಲ ಚೂರು ತಂದವರಿಗೆ 10,000 ಡಾಲರ್ ಎಂದು ‘ಸ್ಯಾನ್ ಫ್ರಾನ್ಸಿಸ್ಕೊ ಎಗ್ಸಾಮಿನರ್’ ಘೋಷಿಸಿತ್ತು. ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ 17ರ ಹುಡುಗನೊಬ್ಬ ವಿಮಾನ ಹತ್ತಿ ಹೋಗಿ ಅದನ್ನು ಗೆದ್ದ. ಆ ಊರಿನ ಆಡಳಿತ ಮಂಡಳಿ, ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡದ ಚೀಟಿ ಬರೆಯಿತು. ಈ ಪರಿಣಾಮವನ್ನು ಯಾವ ತಲೆಬರಹವೂ ಊಹಿಸಿರಲಿಲ್ಲ! ಇತ್ತ ಭಾರತದಲ್ಲಿ ಎಲ್ಲರೂ ಆಕಾಶ ನೋಡುತ್ತಿರುವಾಗ ಅದೇ ವಾರ ಬಿದ್ದದ್ದು ದೆಹಲಿಯ ಸರ್ಕಾರ. ಜುಲೈ 15ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟರು.

ಈ ಕತೆಗಳನ್ನೆಲ್ಲ ಓದಿ ನಕ್ಕ ಮೇಲೂ ಪತ್ರಿಕೆಯ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಗಡಿಯಾರದ ಜತೆ ಗುದ್ದಾಡಿ ಪುಟ ಕಟ್ಟುವವರು ಎಡವುವುದು ಸಹಜ. ಆದರೆ ಚುನಾವಣೆಯ ಸಮೀಕ್ಷೆ, ಮಳೆ, ಚಿನ್ನದ ದರ, ಜಗತ್ತಿನ ಅಂತ್ಯ ಎಂದು ಇವತ್ತಿನ ತಲೆಬರಹಗಳಲ್ಲಿ ನಾಳೆಯದ್ದೇ ಕಾರುಬಾರು. ಓದುಗರಾದ ನಾವು ಪ್ರತಿ ತಲೆಬರಹಕ್ಕೂ ಒಂದು ಪ್ರಶ್ನೆ ಹಾಕುವುದನ್ನು ರೂಢಿಸಿಕೊಳ್ಳಬೇಕು: ಇದು ನಡೆದದ್ದೋ, ನಡೆಯಲಿದೆ ಎಂದು ಯಾರೋ ಹೇಳಿದ್ದೋ?

ಪತ್ರಿಕೆಗಳಲ್ಲೂ ಒಂದು ಕೋರಿಕೆಯಿದೆ. ಡಿಸೆಂಬರ್ ಕೊನೆಯ ಭಾನುವಾರ ಮುಂದಿನ ವರ್ಷದ ಭವಿಷ್ಯಕ್ಕೆ ಮೀಸಲಾಗುವ ಪುಟಗಳಲ್ಲಿ ಒಂದನ್ನು, ಕಳೆದ ವರ್ಷ ತಾವು ನುಡಿದ ಭವಿಷ್ಯ ಏನಾಯಿತು ಎಂಬುದಕ್ಕೆ ಬಿಟ್ಟುಕೊಡಲಿ. ಎಡಗಡೆ ಅಂದಿನ ತಲೆಬರಹ, ಬಲಗಡೆ ನಡೆದ ಸಂಗತಿ, ಎರಡಕ್ಕೂ ಒಂದೇ ಗಾತ್ರದ ಅಕ್ಷರ. ಮನೆಮಂದಿಯೆಲ್ಲ ಕಿತ್ತಾಡಿ ಓದುವ ಪುಟ ಅದಾಗುತ್ತದೆ. ಗೊಡ್ಡಾರ್ಡ್‌ಗೆ ಆದಂತೆ 49 ವರ್ಷ ಕಾಯುವ ಗತಿಯೂ ಯಾರಿಗೂ ಬರುವುದಿಲ್ಲ.