ಸೈತಾನನೆಂಬ ಆಪಾದಕ

ಸೈತಾನನೆಂದೊಡನೆ ಕೊಂಬು ಬಾಲಗಳುಳ್ಳ ನರಕಾಧಿಪತಿಯೊಬ್ಬನು ನಮ್ಮ ಕಣ್ಣಮುಂದೆ ನಿಲ್ಲುತ್ತಾನೆ. ಯೆಹೂದ್ಯರ ಪವಿತ್ರಗ್ರಂಥದಲ್ಲಿ ಆ ರೂಪವೇ ಇಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಹೀಬ್ರೂ ಭಾಷೆಯಲ್ಲಿ 'ಸಾತಾನ್' ಎಂದರೆ ಎದುರಾಳಿ, ಆಪಾದಕ. ಯೋಬನ ಗ್ರಂಥದಲ್ಲಿ ಅದು ಹೆಸರಲ್ಲ, ಹುದ್ದೆ. ದೇವರ ಸಭೆಯಲ್ಲಿ ಸರಕಾರಿ ವಕೀಲನಂತೆ ನಿಂತು, ಯೋಬನ ಭಕ್ತಿಯು ಲಾಭಕ್ಕಾಗಿಯೇ ಎಂದು ಸಂಶಯಿಸುವವನು ಅವನು. ದೇವರ ಅಪ್ಪಣೆಯಿಲ್ಲದೆ ಯೋಬನನ್ನು ಮುಟ್ಟಲಾರನು.

ದಾವೀದ ಅರಸನು ಜನಗಣತಿ ಮಾಡಿಸಿದ ಪ್ರಸಂಗವು ಎರಡು ಕಡೆ ಬಂದಿದೆ. ಹಳೆಯದಾದ ಸಮುವೇಲನ ಗ್ರಂಥದ ಪ್ರಕಾರ ಅವನನ್ನು ಪ್ರೇರಿಸಿದ್ದು ದೇವರ ಕೋಪ. ತರುವಾಯದ ಪೂರ್ವಕಾಲವೃತ್ತಾಂತದ ಪ್ರಕಾರ ಸೈತಾನ. ಕೆಡುಕನ್ನು ದೇವರ ಮೇಲೆ ಹೊರಿಸಲು ಮನಸ್ಸೊಪ್ಪಲಿಲ್ಲವೆಂದು ಅನೇಕ ವಿದ್ವಾಂಸರ ಮತ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಅವನು ಯೇಸುವನ್ನೇ ಶೋಧಿಸುವ ವೈರಿ. ಆದಿಕಾಂಡದ ಸರ್ಪಕ್ಕೆ ಅಲ್ಲಿ ಸೈತಾನನೆಂಬ ಹೆಸರಿಲ್ಲ. ಪುರಾತನ ಸರ್ಪವೇ ಸೈತಾನನೆಂದು ಸಾರುವುದು ಪ್ರಕಟನೆಯ ಗ್ರಂಥ. 1667ರಲ್ಲಿ ಆಂಗ್ಲಕವಿ ಮಿಲ್ಟನ್ ಅವನನ್ನು ಸ್ವರ್ಗದ ವಿರುದ್ಧ ದಂಗೆಯೆದ್ದ ಸೇನಾನಿಯಾಗಿ ಚಿತ್ರಿಸಿದನು.

ಯೆಹೂದಿ ಪಂಡಿತರು ಅವನನ್ನು ಒಳಗೆ ಹುಡುಕಿದರು. ಸೈತಾನ, ಮನುಷ್ಯನ ದುಷ್ಪ್ರವೃತ್ತಿ, ಮೃತ್ಯುದೂತ, ಈ ಮೂವರೂ ಒಬ್ಬನೇ ಎಂಬ ಮಾತು ತಾಲ್ಮೂದಿನಲ್ಲಿದೆ. ಆ ಪ್ರವೃತ್ತಿಯಿಲ್ಲದಿದ್ದರೆ ಯಾರೂ ಮನೆ ಕಟ್ಟರು, ಮದುವೆಯಾಗರು, ವ್ಯಾಪಾರ ಮಾಡರು ಎಂದೂ ಅವರ ಪ್ರಾಚೀನ ವ್ಯಾಖ್ಯಾನವೊಂದು ಹೇಳುತ್ತದೆ. ಆದ್ದರಿಂದ ಆಸೆಯನ್ನು ಕೊಲ್ಲಬೇಕಿಲ್ಲ, ಆಳಬೇಕು.

ಸೈತಾನನನ್ನು ಹೊರಗೆ ಕಂಡವರು ಮಾಡಿದ್ದೇನು? ಮಧ್ಯಯುಗದ ಯೂರೋಪಿನಲ್ಲಿ ಯೆಹೂದ್ಯರನ್ನೇ ಸೈತಾನನ ಬಂಟರೆಂದು ದೂಷಿಸಿ ಹಿಂಸಿಸಿದರು. ಗಲ್ಲದ ಮೇಲೆ ಕುಳಿತವನಾಗಲಿ, ಮೇಜು ಒರೆಸುವವನಾಗಲಿ, ಆಗದವನನ್ನು ಸೈತಾನನೆನ್ನುವ ಮೊದಲು ತನ್ನೊಳಗಿನವನನ್ನು ವಿಚಾರಿಸಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.