ಬೆನ್ನ ಮೇಲಿನ ಚೀಲದ ಬಾಯಿ

ಹರಿಶ್ಚಂದ್ರಗಡದ ಕೊಂಕಣ ಕಡಾ ಅಂಚಿಗೆ ಪುಣೆಯ ಚಾರಣಿಗರು ನಡೆದು ಹೋಗುವುದಿಲ್ಲ, ತೆವಳಿಕೊಂಡು ಹೋಗುತ್ತಾರೆ. ಹೊಟ್ಟೆಯ ಮೇಲೆ ಮಲಗಿ, ತಲೆಯನ್ನಷ್ಟೇ ಹೊರಗೆ ಚಾಚಿ ಇಣುಕುತ್ತಾರೆ. ಅಲ್ಲಿ ಬಂಡೆಗೋಡೆ ನೇರವಾಗಿ ಇಳಿಯದೆ ಒಳಕ್ಕೆ ಬಾಗಿದೆ. ಕೆಳಗೆ ಕೊಂಕಣ. ನಮ್ಮಂಥವರಿಗೆ ಎದೆ ಝಲ್ಲೆನ್ನುವ ಇಂಥ ಜಾಗ ಕಂಡರೆ ಬೇಸ್ ಜಂಪಿಂಗ್ ಗೀಳು ಹತ್ತಿದವರು ಲೆಕ್ಕ ಹಾಕತೊಡಗುತ್ತಾರೆ: ಗೋಡೆ ಎಷ್ಟು ದೂರ, ನೆಲ ಎಷ್ಟು ಸೆಕೆಂಡು?

ಈ ಲೆಕ್ಕ ನಮ್ಮ ಹೈಸ್ಕೂಲಿನ ಭೌತವಿಜ್ಞಾನಕ್ಕಿಂತ ದೊಡ್ಡದೇನಲ್ಲ. ಜಿಗಿದ ಒಂದು ಸೆಕೆಂಡಿಗೆ ಸುಮಾರು 5 ಮೀಟರ್ ಬಿದ್ದಿರುತ್ತೀರಿ, ಎರಡು ಸೆಕೆಂಡಿಗೆ 20, ಮೂರಕ್ಕೆ 44. ವಿಮಾನದಿಂದ ಧುಮುಕುವ ಸ್ಕೈಡೈವರ್‌ಗೆ ಇದು ಗಮನಕ್ಕೇ ಬಾರದ ಹೊತ್ತು. ಕಟ್ಟಡ (ಬಿಲ್ಡಿಂಗ್), ಟವರ್ (ಆಂಟೆನಾ), ಸೇತುವೆ (ಸ್ಪ್ಯಾನ್), ಬಂಡೆ (ಅರ್ತ್) ಎಂಬ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಹೆಸರಿಟ್ಟ ಬೇಸ್ ಆಟದಲ್ಲಿ ಎಷ್ಟೋ ಜಿಗಿತಗಳು ಇಷ್ಟರೊಳಗೇ ತೀರ್ಮಾನವಾಗಿಬಿಡುತ್ತವೆ. ಬೆನ್ನಲ್ಲಿರುವುದು ಒಂದೇ ಪ್ಯಾರಾಚೂಟ್. ಕೈಕೊಟ್ಟರೆ ಎರಡನೆಯದಿಲ್ಲ, ಇದ್ದರೂ ಅದನ್ನು ಬಿಚ್ಚಲು ಹೊತ್ತಿಲ್ಲ. ಹೀಗಿರುವಾಗ ಬೆನ್ನ ಚೀಲದ ಬಾಯಿಯನ್ನು ಯಾವುದರಿಂದ ಮುಚ್ಚಬೇಕು ಎಂಬ, ದರ್ಜಿ ಅಂಗಡಿಯಲ್ಲಿ ಕೇಳುವಂಥ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು.

ಸ್ಕೈಡೈವಿಂಗ್ ಎಂದರೆ ಪುಣೆಯವರಿಗೆ ಥಟ್ಟನೆ ನೆನಪಾಗುವುದು ಶೀತಲ್ ಮಹಾಜನ್. 2004ರಲ್ಲಿ ಉತ್ತರ ಧ್ರುವದಲ್ಲಿ, 2006ರಲ್ಲಿ ದಕ್ಷಿಣ ಧ್ರುವದಲ್ಲಿ ಜಿಗಿದವರು. 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಒಂಬತ್ತು ಗಜದ ನವ್ವಾರಿ ಸೀರೆಯುಟ್ಟು ವಿಮಾನದಿಂದ ಧುಮುಕಿದರು. ಜನ ಸೀರೆ ನೋಡಿ ಬೆರಗಾದರು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸೀರೆಗೂ ಚೀಲಕ್ಕೂ ನಡುವಿನ ವ್ಯವಹಾರ. ಗಂಟೆಗೆ ಸುಮಾರು 190 ಕಿ.ಮೀ. ವೇಗದ ಗಾಳಿಯಲ್ಲಿ ಸೆರಗಿನ ಒಂದು ತುದಿ ಬಿಚ್ಚಿಕೊಂಡು ಹಿಡಿಕೆಯ ಮೇಲೆ ಬಿದ್ದರೂ ಕೆಲಸ ಕೆಟ್ಟಂತೆ. ಸೀರೆ ಕೊನೆಯವರೆಗೂ ಬಿಚ್ಚಬಾರದು, ಚೀಲ ಹೇಳಿದ ಕ್ಷಣಕ್ಕೆ ಬಿಚ್ಚಲೇಬೇಕು.

ಅಷ್ಟು ವೇಗದಲ್ಲಿ ಚೀಲ ಬಿಚ್ಚುವುದು ಕಷ್ಟವಲ್ಲ. ಕೈಯಿಂದ ಎಸೆದ ಪುಟ್ಟ ಪೈಲಟ್ ಚ್ಯೂಟ್ ಗಾಳಿ ತುಂಬಿಕೊಳ್ಳುತ್ತದೆ, ಅದಕ್ಕೆ ಹೊಲಿದ ಬ್ರೈಡಲ್ ಎಂಬ ಉದ್ದನೆಯ ಪಟ್ಟಿ ಬಿಗಿಯಾಗಿ ಚೀಲದ ಪಿನ್ನನ್ನು ಎಳೆಯುತ್ತದೆ, ಒಳಗಿನ ದೊಡ್ಡ ಪ್ಯಾರಾಚೂಟ್ ಹೊರಬರುತ್ತದೆ. ಆದರೆ ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಂಡೆಯಿಂದ ಜಿಗಿದು ಒಂದೇ ಸೆಕೆಂಡಿಗೆ ಪೈಲಟ್ ಚ್ಯೂಟ್ ಎಸೆದವನಿಗೆ ಸಿಗುವ ಎಳೆತ, ಸ್ಕೈಡೈವರ್‌ಗೆ ಸಿಗುವುದರ ಇಪ್ಪತ್ತೈದರಲ್ಲಿ ಒಂದು ಪಾಲೂ ಇರುವುದಿಲ್ಲ. ಅದಕ್ಕೇ ಕಡಿಮೆ ಎತ್ತರದ ಜಿಗಿತಕ್ಕೆ 46, 48 ಅಂಗುಲದ ದೊಡ್ಡ ಪೈಲಟ್ ಚ್ಯೂಟ್. ಪೂರ್ಣ ವೇಗ ಬರುವವರೆಗೆ ಬೀಳುವವರಿಗೆ 32ರ ಆಸುಪಾಸಿನದು ಸಾಕು. ದೊಡ್ಡದಾದರೂ ಮೊದಲ ಕ್ಷಣಗಳಲ್ಲಿ ಅದರ ಬಲ ಕೆಲವೇ ಕಿಲೋ. ಬಾಯಿ ಅಷ್ಟಕ್ಕೇ ಬಿಚ್ಚಿಕೊಳ್ಳಬೇಕು.

1978ರಲ್ಲಿ ಕಾರ್ಲ್ ಬೋನಿಷ್ ಚಿತ್ರೀಕರಿಸುತ್ತಿದ್ದಂತೆ ಅವರ ಗೆಳೆಯರು ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯಿಂದ ಜಿಗಿದಾಗ ಬೆನ್ನಲ್ಲಿದ್ದದ್ದು ಸ್ಕೈಡೈವಿಂಗ್ ಸಾಮಗ್ರಿಯೇ. ಸುಮಾರು 900 ಮೀಟರ್ ಎತ್ತರದಲ್ಲಿ ಅದು ನಡೆಯಿತು. ತಗ್ಗು ಸೇತುವೆ, ಟವರುಗಳಿಗೆ ಇಳಿದ ಮೇಲೆ ಬೇಸ್‌ಗೆಂದೇ ಹೊಲಿದ ಚೀಲಗಳು ಬಂದವು; ಅವುಗಳ ಬಾಯಿಗೆ ವೆಲ್ಕ್ರೊ ಬಂತು. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಕಂಡುಹಿಡಿದ ಪಟ್ಟಿ ಅದು. ವೆಲ್ಕ್ರೊದ ಸ್ವಭಾವ ವಿಚಿತ್ರ: ಎರಡು ಪಟ್ಟಿಗಳನ್ನು ಅಕ್ಕಪಕ್ಕಕ್ಕೆ ಜಗ್ಗಿದರೆ ಜಗ್ಗುವುದಿಲ್ಲ, ತುದಿ ಹಿಡಿದು ಸುಲಿದರೆ ಪರ್ರೆಂದು ಬಿಟ್ಟುಕೊಡುತ್ತದೆ. ಚೀಲದೊಳಗಿನ ಒತ್ತಡ ಅದನ್ನು ಜಗ್ಗುತ್ತದೆ, ಬ್ರೈಡಲ್ ಸುಲಿಯುತ್ತದೆ. ಅಂದರೆ ಗಾಳಿಯ ಬಲ ಕಡಿಮೆಯಿದ್ದಾಗಲೂ ಬಿಚ್ಚುತ್ತದೆ. ಇದಕ್ಕಿಂತ ಚೊಕ್ಕಟವಾದ ಉಪಾಯ ಬೇರೆ ಯಾರಿಗೂ ಹೊಳೆಯುವಂತಿರಲಿಲ್ಲ.

ತೊಂದರೆ ಏನೆಂದರೆ ವೆಲ್ಕ್ರೊಗೆ ವಯಸ್ಸಾಗುತ್ತದೆ. ಹೊಸದರಲ್ಲಿ ಬಿಗಿ ಹೆಚ್ಚು, ನೂರಾರು ಸಲ ಬಿಚ್ಚಿ ಮುಚ್ಚಿದ ಮೇಲೆ ಸಡಿಲ. ಇವತ್ತು ಎಷ್ಟು ಹಿಡಿದಿದೆ ಎಂದು ಕಣ್ಣಿನಿಂದ ನೋಡಿ ಹೇಳಲಾಗದು. ನಮ್ಮ ಸಹ್ಯಾದ್ರಿಯ ಕಾಲುದಾರಿಯಲ್ಲಿ ಎರಡು ತಾಸು ನಡೆದರೆ ಧೂಳು, ನೂಲು, ಹುಲ್ಲು, ಉತ್ತರಾಣಿ ಬೀಜ ಎಲ್ಲವೂ ಆ ಕೊಕ್ಕೆಗಳಿಗೇ ಬಂದು ಕೂರುತ್ತವೆ. ಮುಳ್ಳುಕಾಯಿ ನೋಡಿ ಮಾಡಿದ ಪಟ್ಟಿಗೆ ಮುಳ್ಳುಬೀಜವೇ ಶತ್ರು! ಸಡಿಲಾದ ಪಟ್ಟಿ ಬಂಡೆಗೆ ಒರಗಿದಾಗಲೋ ದೇಹ ಅಡ್ಡವಾಗಿ ತೇಲುವಾಗ ಬೆನ್ನ ಮೇಲೆ ಹಾಯುವ ಗಾಳಿಗೋ ತಾನಾಗಿ ಬಿಚ್ಚಿಕೊಂಡರೆ, ಪೈಲಟ್ ಚ್ಯೂಟ್ ಎಸೆಯುವ ಮೊದಲೇ ಪ್ಯಾರಾಚೂಟಿನ ಗಂಟು ಹೊರಗೆ. ಆಮೇಲೆ ಆಗುವುದು ಸಿಕ್ಕು.

ಹಕ್ಕಿಯಂತೆ ರೆಕ್ಕೆ ಹರಡುವ ವಿಂಗ್‌ಸೂಟ್ ಬಂದು ಜಿಗಿತದ ಅವಧಿ ಸೆಕೆಂಡುಗಳಿಂದ ನಿಮಿಷದತ್ತ ಬೆಳೆದಂತೆ ಬೇಸ್ ಮಂದಿ ಮತ್ತೆ ಪಿನ್ನಿಗೆ ಮರಳಿದರು. ಈಗಿನ ಚೀಲಗಳಲ್ಲಿ ಸಾಮಾನ್ಯವಾಗಿ ಎರಡು ಪಿನ್. ಚೀಲದ ಪಟ್ಟಿಗಳಿಗೆ ಲೋಹದ ಕಣ್ಣುಗಳಿರುತ್ತವೆ. ಅವುಗಳನ್ನು ಒಂದರ ಮೇಲೊಂದು ಕೂರಿಸಿ, ನಡುವೆ ದಾರದ ಕುಣಿಕೆ ತೂರಿಸಿ, ಕುಣಿಕೆಯೊಳಗೆ ಬಾಗಿದ ಉಕ್ಕಿನ ಪಿನ್ ತಳ್ಳಿದರೆ ಬಾಯಿ ಮುಚ್ಚಿತು. ಪಿನ್ನುಗಳನ್ನು ಬ್ರೈಡಲ್‌ಗೇ ಹೊಲಿದಿರುತ್ತಾರೆ. ಒಂದರ ನಂತರ ಒಂದು ಕಳಚಬೇಕು.

ಎಷ್ಟು ಬಿಗಿ ಎಂಬುದನ್ನು ಪಿನ್ ತೀರ್ಮಾನಿಸುವುದಿಲ್ಲ, ಕುಣಿಕೆಯ ಉದ್ದ ತೀರ್ಮಾನಿಸುತ್ತದೆ. ಕುಣಿಕೆ ಗಿಡ್ಡವಾದರೆ ಪಿನ್ನಿನ ಮೇಲಿನ ಘರ್ಷಣೆ ಹೆಚ್ಚಿ, ಪೈಲಟ್ ಚ್ಯೂಟ್ ಹಿಂದೆ ಸುಮ್ಮನೆ ತೇಲುತ್ತದೆ, ಚೀಲ ಬಿಚ್ಚುವುದಿಲ್ಲ. ಉದ್ದವಾದರೆ ಪಿನ್ ತಾನಾಗಿ ಜಾರಬಹುದು. ಎಳೆತದ ದಿಕ್ಕೂ ಅಷ್ಟೇ ಮುಖ್ಯ. ಅಕ್ಕಿ ಮೂಟೆಯ ಬಾಯಿಹೊಲಿಗೆ ಗೊತ್ತಲ್ಲ, ಸರಿಯಾದ ಎಳೆ ಹಿಡಿದು ಸರಿಯಾದ ಕಡೆಗೆ ಎಳೆದರೆ ಸರಸರನೆ ಬಿಚ್ಚುತ್ತದೆ, ಇನ್ನೊಂದು ಕಡೆಯಿಂದ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಪಿನ್ನಿಗೆ ಬಾಗು ಕೊಟ್ಟಿರುವುದು, ಬ್ರೈಡಲ್ ಹಾಯುವ ದಾರಿಯನ್ನು ಪಟ್ಟಿಯಡಿ ಮಡಚಿ ಭದ್ರಪಡಿಸುವುದು ಇದಕ್ಕಾಗಿ.

ಹಾಗಾದರೆ ವೆಲ್ಕ್ರೊ ಮೇಲೋ, ಪಿನ್ ಮೇಲೋ? ಪಿನ್ ಗೆದ್ದಿದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತಗ್ಗು ಸೇತುವೆಯಿಂದ ಜಿಗಿಯುವವನಿಗೆ ಸುಲಿದರೆ ಬಿಚ್ಚುವ ಪಟ್ಟಿಯ ತರ್ಕ ಈಗಲೂ ಗಟ್ಟಿ. ಪದೇಪದೇ ಪಟ್ಟಿ ಬದಲಿಸುವ ಶಿಸ್ತು ಮಾತ್ರ ಬೇಕು. ಎತ್ತರ ಏರಿದಂತೆ ಪ್ರಶ್ನೆಯೇ ಬದಲಾಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಗ್ಲೆನ್ ಸಿಂಗಲ್‌ಮನ್ ಮತ್ತು ಹೆದರ್ ಸ್ವಾನ್ ದಂಪತಿ ಗಢವಾಲ್ ಹಿಮಾಲಯದ ಮೇರು ಪರ್ವತದಲ್ಲಿ 6,604 ಮೀಟರ್ ಎತ್ತರದಿಂದ ವಿಂಗ್‌ಸೂಟ್ ತೊಟ್ಟು ಜಿಗಿದರು. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಅದೇ ವೇಗ, ಅದೇ ಪೈಲಟ್ ಚ್ಯೂಟ್, ಎಳೆತ ಮಾತ್ರ ಅರ್ಧ. ಜೊತೆಗೆ ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳು.

ಪುಣೆಯ ಸುತ್ತ ಈ ಪಿನ್ನು-ವೆಲ್ಕ್ರೊ ಪ್ರಶ್ನೆಗೆ ಹತ್ತಿರದ ನಂಟು ಇರುವುದು ಲೋಣಾವಳಾ ದಾರಿಯ ಕಾಮಶೇತದಲ್ಲಿ. ಮಳೆಗಾಲ ಮುಗಿದ ಮೇಲೆ ಅಲ್ಲಿ ಪ್ಯಾರಾಗ್ಲೈಡಿಂಗ್ ಜೋರು. ಪ್ಯಾರಾಗ್ಲೈಡರ್ ಕೂರುವ ಹಾರ್ನೆಸ್ಸಿನಲ್ಲಿ ತುರ್ತಿಗೆಂದು ಇನ್ನೊಂದು ಪ್ಯಾರಾಚೂಟ್ ಇರುತ್ತದೆ. ಅದರ ಬಾಯಿಗೂ ಪಿನ್ನು, ಕುಣಿಕೆ, ಅಲ್ಲಲ್ಲಿ ವೆಲ್ಕ್ರೊ. ವರ್ಷಗಟ್ಟಲೆ ಯಾರೂ ಅದನ್ನು ಎಳೆಯುವ ಪ್ರಸಂಗ ಬರುವುದಿಲ್ಲ, ಅಪಾಯ ಅಲ್ಲೇ ಇದೆ. ಒತ್ತಿಕೊಂಡೇ ಇದ್ದ ವೆಲ್ಕ್ರೊ ದಿನ ಕಳೆದಂತೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಆದ್ದರಿಂದ ತಿಳಿದವರು ಆಗಾಗ ಅದನ್ನು ಸುಲಿದು ಮತ್ತೆ ಅಂಟಿಸುತ್ತಾರೆ. ಹಾರ್ನೆಸ್ಸನ್ನು ತೊಲೆಗೆ ನೇತುಹಾಕಿ, ಅದರಲ್ಲಿ ಕೂತು ಹಿಡಿಕೆ ಎಳೆದು ನೋಡುತ್ತಾರೆ. ನೆಲದ ಮೇಲೆ ಸಲೀಸಾಗಿ ಬರುವ ಪಿನ್, ಮೈಭಾರ ಬಿದ್ದು ಹಾರ್ನೆಸ್ಸಿನ ಆಕಾರ ಬದಲಾದಾಗ ಕೈ ಎಟಕುವ ಕೋನದಲ್ಲಿ ಬಾರದೆ ಹೋಗಬಹುದು.

ಬೇಸ್ ಜಿಗಿತಗಾರನಿಗೆ ಇನ್ನೊಂದು ತೊಡಕಿದೆ. ಚೀಲ ಬೆನ್ನ ಮೇಲಿರುವುದರಿಂದ ತನ್ನ ಪಿನ್ನನ್ನು ತಾನೇ ನೋಡಲಾರ. ಅಂಚಿಗೆ ಹೋಗುವ ಮೊದಲು ಜೊತೆಗಾರನಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಆತ ಮೇಲಿನ ಪಟ್ಟಿ ಎತ್ತಿ, ಎರಡೂ ಪಿನ್ ಕುಣಿಕೆಯಲ್ಲಿ ಪೂರ್ತಿ ಕೂತಿವೆಯೇ, ಕುಣಿಕೆಯ ನೂಲು ಸವೆದಿದೆಯೇ, ಬ್ರೈಡಲ್ ಭುಜದ ಪಟ್ಟಿಗೋ ಬೇರೆಲ್ಲಿಗೋ ಸುತ್ತಿಕೊಳ್ಳದೆ ನೇರ ಪೈಲಟ್ ಚ್ಯೂಟಿನವರೆಗೆ ಹೋಗಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಸವೆದಿದ್ದರೆ ಅವತ್ತಿನ ಜಿಗಿತ ಅಲ್ಲಿಗೇ ನಿಲ್ಲಬೇಕು; ಆ ಗೇಣುದ್ದದ ದಾರ ಇಡೀ ಸಾಮಗ್ರಿಯಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ.