ಬೈಕಿನ ಓಟ, ಸವಾರನ ಸೊಂಟ

ಹುಣ್ಣಿಮೆಯ ದಿನ ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಸುತ್ತಮುತ್ತ ನಿಲ್ಲಿಸಿರುವ ಬೈಕುಗಳನ್ನು ಸುಮ್ಮನೆ ನೋಡುತ್ತ ಹೋಗಿ. ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದುಕೊಂಡಿರುವ ಬೈಕು ಹುಡುಕಬೇಕಾಗುತ್ತದೆ. ಒಂದರ ಹ್ಯಾಂಡಲ್ ಬದಲಾಗಿದೆ, ಇನ್ನೊಂದಕ್ಕೆ ಮೊಳದುದ್ದದ ಹೊಳೆಯುವ ಸೈಲೆನ್ಸರ್ ಬಂದಿದೆ, ಮತ್ತೊಂದರ ಹಿಂದಿನ ಟೈರು ಅದರ ಮೈಕಟ್ಟಿಗೆ ಮೀರಿ ದಪ್ಪವಾಗಿದೆ. ಹಿಂಬದಿಯ ಮಡ್‌ಗಾರ್ಡನ್ನು ಕತ್ತರಿಸಿ ನಂಬರ್ ಪ್ಲೇಟನ್ನು ಸೀಟಿನ ಕೆಳಗೆ ಸಿಕ್ಕಿಸಿಕೊಂಡವರೂ ಇದ್ದಾರೆ. ತಿರುಮಕೂಡಲು ನರಸೀಪುರದ ಸಂಗಮದ ದಾರಿಯಲ್ಲೂ ನೋಟ ಇದೇ.

ಎರಡೂ ಊರುಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಕೋಝಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬಂದು, ಅಲ್ಲಿಂದ ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುವ 766ನೇ ಸಂಖ್ಯೆಯ ಹೆದ್ದಾರಿ ಅದು. ಹಿಂದೆ ಅದಕ್ಕೆ 212 ಎಂಬ ಸಂಖ್ಯೆಯಿತ್ತು. ಕಾರ್ಖಾನೆ ಕೆಲಸಕ್ಕೆ, ಕಾಲೇಜಿಗೆ, ಮಾರುಕಟ್ಟೆಗೆ ಎಂದು ಈ ದಾರಿಯಲ್ಲಿ ನಿತ್ಯ ಓಡಾಡುವ ಯುವಕರಿಗೆ ಬೈಕು ಬರೀ ವಾಹನವಲ್ಲ; ಎಷ್ಟೋ ಮಂದಿಗೆ ಅದು ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ದೊಡ್ಡ ವಸ್ತು. ಅದನ್ನು ತನ್ನ ಇಷ್ಟದಂತೆ ತಿದ್ದಿಕೊಳ್ಳುವ ಆಸೆ ಸಹಜವೇ. ಆದರೆ ತಿದ್ದಿದ ಮೇಲೆ ಬೈಕು ನಿಜಕ್ಕೂ ಹೆಚ್ಚು ಓಡುತ್ತದೆಯೇ? ಸೊಂಟಕ್ಕೆ ಸುಖವಾಗುತ್ತದೆಯೇ? ಅಥವಾ ಶಬ್ದ ಮಾತ್ರ ಹೆಚ್ಚುತ್ತದೆಯೇ?

ಈ ಪ್ರಶ್ನೆ ಮೈಸೂರು ಸೀಮೆಗೆ ಹೊಸದಲ್ಲ. ಬೈಕಿನ ಹೊಟ್ಟೆ ಬಿಚ್ಚಿ ನೋಡುವ ಚಟವನ್ನು ಇಲ್ಲಿಗೆ ತಂದದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಝೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಬೈಕು ತಯಾರಿಕೆಯ ಹಕ್ಕು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಫರೋಕ್ ಇರಾನಿ ಮತ್ತವರ ಕುಟುಂಬ ಅದನ್ನು ಮೈಸೂರಿಗೆ ತಂದರು. 1961ರಲ್ಲಿ ಇಲ್ಲಿ ತಯಾರಿಕೆ ಆರಂಭವಾಯಿತು. 1970ರ ದಶಕದಲ್ಲಿ ಜಾವಾ ಹೋಗಿ ‘ಯೆಜ್ಡಿ’ ಬಂತು. 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಮೇಲೂ ಜಿಲ್ಲೆಯ ಗ್ಯಾರೇಜುಗಳಲ್ಲಿ ಯೆಜ್ಡಿಯ ಭಾಷೆ ಉಳಿಯಿತು.

ರೋಡ್‌ಕಿಂಗ್‌ನ ಎಂಜಿನ್ 250 ಸಿಸಿ ವರ್ಗದ್ದು, ಎರಡು ಸ್ಟ್ರೋಕಿನದು, ನಿಮಿಷಕ್ಕೆ 4750 ಸುತ್ತಿನಲ್ಲಿ 16 ಅಶ್ವಶಕ್ತಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರಿನ ಲಿವರ್. ಆ ಕಾಲದ ಹುಡುಗರು ಇದಕ್ಕೆ ಮಾಡುತ್ತಿದ್ದ ಮೊದಲ ಮಾರ್ಪಾಟು ಯಾವುದೆಂದರೆ, ಸೈಲೆನ್ಸರಿನ ಒಳಗಿನ ಬ್ಯಾಫಲ್ ಕೊಳವೆಯನ್ನು ಎಳೆದು ಅಟ್ಟಕ್ಕೆ ಎಸೆಯುವುದು. ಬೀದಿಯ ತುದಿಯಲ್ಲಿ ಬೈಕು ತಿರುಗಿದ ಕೂಡಲೇ ಮನೆಯವರಿಗೆ ಗೊತ್ತಾಗುತ್ತಿತ್ತು. ಗಾಡಿ ‘ಫ್ರೀ’ ಆಯಿತು, ಎಳೆತ ಹೆಚ್ಚಿತು ಎಂಬ ನಂಬಿಕೆ ಬೇರೆ.

ಆ ನಂಬಿಕೆ ಎಷ್ಟು ತಪ್ಪು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ಇವತ್ತಿನ ಹೊಸ ಬೈಕುಗಳ ವಿಷಯದಲ್ಲೂ ಬಹುಪಾಲು ಮಂದಿ ಜಾರುವುದು ಇದೇ ಜಾಗದಲ್ಲಿ.

ಎರಡು ಸ್ಟ್ರೋಕಿನ ಎಂಜಿನ್‌ಗೆ ಕಾರಿನಲ್ಲಿರುವಂಥ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹೊಗೆ ಹೊರಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಪೆಟ್ರೋಲು ಬೆರೆತ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಹೀಗಾಗಿ ಅದರಲ್ಲಿ ಒಂದಷ್ಟು ಉರಿಯದೆಯೇ ಹೊಗೆಯ ಹಿಂದೆ ಓಡಿಹೋಗುತ್ತದೆ. ತಡೆಯುವುದು ಹೇಗೆ? ಇಲ್ಲಿ ಸೈಲೆನ್ಸರ್ ಕೆಲಸಕ್ಕೆ ಬರುತ್ತದೆ. ಕಿಂಡಿ ತೆರೆದ ಕ್ಷಣ ಒತ್ತಡದ ಒಂದು ಅಲೆ ಕೊಳವೆಯೊಳಗೆ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಮುಂದೆ ಎಲ್ಲೋ ಕೊಳವೆ ಕಿರಿದಾದ ಕಡೆ ಅದು ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬರುತ್ತದೆ. 4750 ಸುತ್ತಿನ ವೇಗದಲ್ಲಿ ಎಂಜಿನ್ನಿನ ಒಂದು ಸುತ್ತಿಗೆ 12.6 ಮಿಲಿಸೆಕೆಂಡು ಬೇಕು. ಒಂದು ಮೀಟರ್ ಹೋಗಿ ಒಂದು ಮೀಟರ್ ಮರಳುವ ಅಲೆಗೆ ಬೇಕಾದದ್ದು 4 ಮಿಲಿಸೆಕೆಂಡು. ಅಂದರೆ ಸುತ್ತಿನ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ, ಕಿಂಡಿ ಮುಚ್ಚುವ ಮೊದಲೇ, ಅಲೆ ವಾಪಸು ಬಂದು ಹೊರಗೆ ಓಡುತ್ತಿದ್ದ ಹೊಸ ಮಿಶ್ರಣವನ್ನು ಒಳಗೆ ದಬ್ಬಬಲ್ಲದು.

ಕೊಳವೆಯ ಉದ್ದ, ಅಗಲ, ಒಳಗಿನ ತಡೆಗಳು ಎಲ್ಲವೂ ಈ ಲೆಕ್ಕದ ಅಂಗಗಳು. ಬ್ಯಾಫಲ್ ಕಿತ್ತ ಕೂಡಲೇ ಅಲೆ ಮರಳುವ ಬಗೆ ಕೆಡುತ್ತದೆ. ಇದರ ಮೇಲೆ ಕಾರ್ಬುರೇಟರಿನ ಜೆಟ್ಟನ್ನು ಹೊಂದಿಸದೆ ಬಿಟ್ಟರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಾಯುವ ಭಯ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಬೈಕಿನಲ್ಲಿ ಪೆಟ್ರೋಲು ಕಡಿಮೆಯೆಂದರೆ ಎಣ್ಣೆಯೂ ಕಡಿಮೆ ಎಂದೇ ಅರ್ಥ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ನಡುದಾರಿಯಲ್ಲಿ ಹಿಂಚಕ್ರ ಬಿಗಿದು ನಿಂತ ಅನುಭವ ಹಳೆಯ ಸವಾರರಿಗೆ ಉಂಟು.

ಈ ಅಲೆಯನ್ನು ಪಳಗಿಸಿದವರ ಕಥೆ ಪತ್ತೇದಾರಿ ಕಾದಂಬರಿಯಂತಿದೆ. ಪೂರ್ವ ಜರ್ಮನಿಯ ಎಂಝೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಮೊದಲು ಅಗಲವಾಗಿ ಆಮೇಲೆ ಕಿರಿದಾಗುವ ಹೊಟ್ಟೆಯುಬ್ಬಿದ ಕೊಳವೆಗಳನ್ನು ಮಾಡಿ ಅಳೆದು, ಮತ್ತೆ ಮಾಡಿ ಮತ್ತೆ ಅಳೆದು, 1961ರ ಹೊತ್ತಿಗೆ ಬರೀ 125 ಸಿಸಿ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದ. ನಮ್ಮ ರೋಡ್‌ಕಿಂಗ್‌ನ ಅರ್ಧದಷ್ಟು ಗಾತ್ರದಲ್ಲಿ ಒಂದೂವರೆ ಪಟ್ಟು ಶಕ್ತಿ! ಅದೇ ವರ್ಷ ಸ್ವೀಡನ್ನಿನ ಪಂದ್ಯದ ಸಂದರ್ಭದಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ತಪ್ಪಿಸಿಕೊಂಡು ಪಶ್ಚಿಮಕ್ಕೆ ಓಡಿದ. ಗುಟ್ಟು ಜಪಾನಿನ ಸುಜುಕಿ ಕಂಪೆನಿಯ ಪಾಲಾಯಿತು. 1962ರಲ್ಲಿ ಡೆಗ್ನರ್ ಸುಜುಕಿಯ ಮೇಲೆ ಕುಳಿತು 50 ಸಿಸಿ ವಿಶ್ವ ಚಾಂಪಿಯನ್ ಆದ. ಮೈಸೂರಿನಲ್ಲಿ ಜಾವಾ ತಯಾರಾಗತೊಡಗಿದ ವರ್ಷವೇ ಯುರೋಪಿನಲ್ಲಿ ಇಷ್ಟೆಲ್ಲ ನಡೆದಿತ್ತು. ಅಲ್ಲಿ ಕೊಳವೆಯೊಂದರ ಆಕಾರಕ್ಕಾಗಿ ದೇಶ ಬಿಟ್ಟರು. ನಮ್ಮಲ್ಲಿ ಅದರ ಹೂರಣವನ್ನು ಅಟ್ಟಕ್ಕೆ ಎಸೆದರು.

ಈಗಿನ ಬೈಕುಗಳು ಬಹುತೇಕ ನಾಲ್ಕು ಸ್ಟ್ರೋಕಿನವು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬುರೇಟರ್ ಹೋಗಿ ಪೆಟ್ರೋಲು ಎಷ್ಟು ಚಿಮ್ಮಬೇಕೆಂಬುದನ್ನು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸಂವೇದಕವೊಂದು ಅಳೆದು ಅದಕ್ಕೆ ತಿಳಿಸುತ್ತದೆ. ಆದರೆ ಆಕ್ಸಿಲರೇಟರನ್ನು ಪೂರ್ತಿ ತಿರುವಿದಾಗ ಕಂಪ್ಯೂಟರ್ ನಂಬುವುದು ಕಾರ್ಖಾನೆ ತನಗೆ ಬರೆದುಕೊಟ್ಟ ಕೋಷ್ಟಕವನ್ನು, ಆ ಕೋಷ್ಟಕವೋ ಮೂಲ ಸೈಲೆನ್ಸರಿಗೆಂದು ಬರೆದದ್ದು. ಹೊಸ ಕೊಳವೆ ತೊಡಿಸಿದವನು ಹತ್ತು ಸಾವಿರ ಕೊಟ್ಟು ಶಬ್ದವನ್ನಷ್ಟೇ ಕೊಂಡು ಬರುವ ಸಾಧ್ಯತೆ ಹೆಚ್ಚು.

ಎಳೆತ ಹೆಚ್ಚಿಸುವ ಅಗ್ಗದ ದಾರಿ ಬೇರೆಯೇ ಇದೆ: ಹಲ್ಲುಚಕ್ರ. ಮುಂದಿನದು 14 ಹಲ್ಲು, ಹಿಂದಿನದು 42 ಹಲ್ಲು ಇದ್ದರೆ ಅನುಪಾತ 3. ಹಿಂದಿನದನ್ನು 45 ಹಲ್ಲಿಗೆ ಏರಿಸಿದರೆ ಚಕ್ರಕ್ಕೆ ಸಿಗುವ ಎಳೆತ ಶೇ 7ರಷ್ಟು ಹೆಚ್ಚುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವವರಿಗೆ ಇದು ಗೊತ್ತಾಗುವಂಥ ವ್ಯತ್ಯಾಸ. ಆದರೆ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ಹೆಚ್ಚು ಸುತ್ತಬೇಕು. ಕಂಪನ ಮತ್ತು ಪೆಟ್ರೋಲಿನ ಖರ್ಚು ಎರಡೂ ಅದರ ಜೊತೆಗೇ ಬರುತ್ತವೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲವಾಗುವ ಚಾಪೆಯಂತೆ ಈ ಯಂತ್ರ.

ವೇಗದ ವಿಷಯದಲ್ಲಂತೂ ಗಾಳಿಯೇ ದೊಡ್ಡ ಶತ್ರು. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಏರಬೇಕಾದರೆ ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಅಷ್ಟು ಶಕ್ತಿಯನ್ನು ಸೈಲೆನ್ಸರಾಗಲಿ ಗಾಳಿ ಶೋಧಕವಾಗಲಿ ಕೊಡಲಾರದು. ಕೊಟ್ಟರೂ ಉಳಿಯುವುದೇನು? ಮೈಸೂರಿನಿಂದ ನಂಜನಗೂಡಿಗೆ ಸುಮಾರು 24 ಕಿ.ಮೀ. ಎಂದಿಟ್ಟುಕೊಳ್ಳಿ. ಎಲ್ಲೂ ನಿಲ್ಲದೆ 60ರ ವೇಗದಲ್ಲಿ ಹೋದರೆ 24 ನಿಮಿಷ, 80ರಲ್ಲಿ ಹೋದರೆ 18. ಉಳಿದ ಆರು ನಿಮಿಷವನ್ನು ಕಡಕೊಳದ ಕೈಗಾರಿಕಾ ಪ್ರದೇಶದ ಲಾರಿಗಳ ಹಿಂದೆ ಕಳೆಯುವುದು ಕಷ್ಟವೇನಲ್ಲ.

ಇನ್ನು ಸುಖದ ಮಾತು. ನನ್ನ ಅಭಿಪ್ರಾಯದಲ್ಲಿ ದುಡ್ಡು ಹಾಕಬೇಕಾದದ್ದು ಇಲ್ಲಿ. ಯಮಾಹಾ ಆರ್15 ಮಾದರಿಯ ಸ್ಪೋರ್ಟ್ ಬೈಕು 2008ರಲ್ಲಿ ಬಂದ ಮೇಲೆ ತಗ್ಗಿದ ಹ್ಯಾಂಡಲ್, ಹಿಂದೆ ಸರಿದ ಕಾಲುಮೆಟ್ಟು ನಮ್ಮ ಹುಡುಗರಿಗೆ ಪರಿಚಯವಾದವು. ಆ ಭಂಗಿ ರೇಸಿನದು. ನೂರಕ್ಕೂ ಮೀರಿದ ವೇಗದಲ್ಲಿ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುವುದರಿಂದ ಮುಂಗೈ ಹಗುರವಾಗಿರುತ್ತದೆ. ನಲವತ್ತರಲ್ಲಿ ಹೋಗುವವನಿಗೆ ಆ ಗಾಳಿಯ ಆಸರೆ ಎಲ್ಲಿಯದು? ಮೈಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಡಿಪ್ಲೊಮಾ ಓದುವಾಗ ಗೆಳೆಯನ ಇಂಥದೊಂದು ಬೈಕಿನಲ್ಲಿ ಮೈಸೂರಿನಿಂದ ನರಸೀಪುರಕ್ಕೆ ಹೋಗಿ ಬಂದ ನನಗೆ ಆ ಸಂಜೆ ಪೆನ್ನು ಹಿಡಿಯುವುದಕ್ಕೂ ಆಗಿರಲಿಲ್ಲ.

ಹ್ಯಾಂಡಲನ್ನು ಒಂದೆರಡು ಅಂಗುಲ ಎತ್ತರಿಸಿದರೆ ಈ ನೋವು ತಗ್ಗುತ್ತದೆ. ಆದರೆ ಎತ್ತರಿಸಿದ ಮೇಲೆ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಬ್ರೇಕಿನ ಕೊಳವೆ, ಕ್ಲಚ್ ತಂತಿ ಬಿಗಿಯುತ್ತವೆಯೇ ಎಂದು ನೋಡಲೇಬೇಕು. ತಿರುವಿನಲ್ಲಿ ಬಿಗಿದ ಬ್ರೇಕಿನ ಕೊಳವೆ ಪ್ರಾಣಕ್ಕೆ ಸಂಚಕಾರ. ಸೀಟಿಗೆ ಮೆತ್ತನೆಯ ಸ್ಪಂಜು ತುಂಬಿಸುವುದು ಎಲ್ಲರೂ ಮಾಡುವ ತಪ್ಪು. ಅರ್ಧ ಗಂಟೆಯಲ್ಲಿ ಅದು ಅದುಮಿ ಕೆಳಗಿನ ತಗಡು ತಾಗುತ್ತದೆ. ಗಟ್ಟಿ ಫೋಮು, ಅಗಲವಾದ ಸೀಟು ಇರಬೇಕು. ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಸವಾರನ ತೂಕಕ್ಕೆ ಹೊಂದಿಸುವುದಕ್ಕೆ ಕಾಸೂ ಖರ್ಚಿಲ್ಲ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟು ಗಾಳಿ ಟೈರಿನಲ್ಲಿ ಇಟ್ಟುಕೊಳ್ಳುವುದಕ್ಕೂ ಇಲ್ಲ. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ದಪ್ಪ ಟೈರಿನ ಬಗ್ಗೆ ಒಂದು ಮಾತು. ಆರ್15ರ ಮೊದಲ ಮಾದರಿಗೆ ಹಿಂದೆ ಇದ್ದದ್ದು 100 ಮಿ.ಮೀ. ಅಗಲದ ಟೈರು. 2011ರ ಎರಡನೆಯ ಮಾದರಿಗೆ 130 ಮಿ.ಮೀ. ಹಾಕಿದಾಗ ಕಂಪೆನಿ ರಿಮ್ಮನ್ನೂ ಹಿಂಚಕ್ರ ಹಿಡಿಯುವ ತೋಳನ್ನೂ ಬದಲಿಸಿತು. ಹಳೆಯ ಕಿರಿಯ ರಿಮ್ಮಿಗೇ ಅಗಲದ ಟೈರು ತೂರಿಸಿದರೆ ಅದರ ಮೈ ಹಿಚುಕಿಕೊಂಡು ದುಂಡಗಾಗಿ, ವಾಲಿದಾಗ ಹಿಡಿತದ ಬದಲು ಅಳುಕು ಬರುತ್ತದೆ.

ನನಗೆ ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಮಾತ್ರ ಶಬ್ದವೂ ಅಲ್ಲ, ಟೈರೂ ಅಲ್ಲ. ಅಂದಕ್ಕೆ ಅಡ್ಡಿಯೆಂದು ಕಿತ್ತು ಹಾಕುವ ಸೀರೆ ಗಾರ್ಡು. ಹಳೆಯ ಜಾವಾಕ್ಕೆ ಸರಪಳಿಯನ್ನು ಪೂರ್ತಿ ಮುಚ್ಚುವ ಕವಚವೇ ಇತ್ತು. ಈಗಿನ ಸ್ಪೋರ್ಟ್ ಬೈಕುಗಳಲ್ಲಿ ಸರಪಳಿ ಬಹುಮಟ್ಟಿಗೆ ತೆರೆದೇ ಇರುತ್ತದೆ, ಅದೂ ಎಡಗಡೆ. ನಮ್ಮ ಹೆಂಗಸರು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದೂ ಎಡಗಡೆಯೇ. ದೊಡ್ಡ ಜಾತ್ರೆಗೆ, ಸಂಗಮದ ಸ್ನಾನಕ್ಕೆ ತಾಯಿಯನ್ನೋ ಅತ್ತೆಯನ್ನೋ ಕೂರಿಸಿಕೊಂಡು ಹೊರಟ ಬೈಕಿನಲ್ಲಿ ಗಾಳಿಗೆ ಹಾರಿದ ಸೆರಗಿಗೂ ಚಕ್ರದ ಕಡ್ಡಿಗಳಿಗೂ ನಡುವೆ ಉಳಿಯುವುದು ಗೇಣಿನ ಅಂತರ. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿ, ಕಾಲುಮೆಟ್ಟು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೀಟಿನ ಹಿಂದೆ ಕೂರುವವರ ಸುಖವನ್ನು ಕೇಳದೆ ಮಾಡಿದ ಮಾರ್ಪಾಟು ಅರ್ಧ ಮಾರ್ಪಾಟು.

ಕಾನೂನಿನ ಮಾತು ಬಂದದ್ದರಿಂದ ಉಳಿದದ್ದನ್ನೂ ಹೇಳಿಬಿಡಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಕೊಳವೆ ಮಾರಿದವನು ಈ ಲೆಕ್ಕ ಹೇಳುವುದಿಲ್ಲ. ಅಪಘಾತವಾದಾಗ ವಿಮಾ ಕಂಪೆನಿ ತಕರಾರು ತೆಗೆಯಬಹುದೆಂದೂ ಹೇಳುವುದಿಲ್ಲ. ಗ್ಯಾರೇಜಿಗೆ ಹೋಗುವ ಮುನ್ನ ಒಮ್ಮೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಅಗ್ಗ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ಅಭಿಮಾನಿಗಳು ತಮ್ಮ ದಿನವನ್ನು ಆಚರಿಸುತ್ತಾರೆ. ಆ ಹಳೆಯ ಬೈಕುಗಳನ್ನು ನೆಟ್ಟಗೆ ಮಾಡಿಸಲು ಹೊರಟವರು ಈಗ ಗುಜರಿಗಳಲ್ಲಿ ಹುಡುಕುವುದು ಕಾರ್ಖಾನೆಯ ಮೂಲ ಭಾಗಗಳನ್ನು. ಅವುಗಳಲ್ಲಿ ಒಂದು, ಒಂದು ಕಾಲದ ಹುಡುಗರು ಎಳೆದು ಅಟ್ಟಕ್ಕೆ ಎಸೆದಿದ್ದ ಆ ಬ್ಯಾಫಲ್ ಕೊಳವೆ.